ಬಾಣಲಿಯಲ್ಲಿ ನಿಂತ ತಪಸಿ

ಅಜ್ಜಂಪುರದ ಬೆನಕಪ್ಪನ ಕಬ್ಬಿಣದ ಅಂಗಡಿಯಲ್ಲಿ ಗುದ್ದಲಿ, ಪಿಕಾಸಿ, ಮೊಳೆ, ತಂತಿ, ಗಾರೆ ಬಾಣಲಿ ಎಲ್ಲವೂ ಇದ್ದವು. ಇಲ್ಲದಿದ್ದುದು ಊರಿನವರ ನಂಬಿಕೆ ಒಂದೇ. ಬೆನಕಪ್ಪ ಕೈ ಹಾಕಿದ ಕೆಲಸ ಮುಗಿಯುವುದಿಲ್ಲ ಎಂಬ ವಿಷಯದಲ್ಲಿ, ಬೇರೆ ಯಾವುದಕ್ಕೂ ಒಪ್ಪದ ಎರಡು ಕೇರಿಗಳೂ ಒಪ್ಪಿಬಿಟ್ಟಿದ್ದವು. ಅವನು ಹಾರ್ಮೋನಿಯಂ ಕಲಿಯಲು ಕೂತು ಸ ರಿ ಗ ತನಕ ಬಂದ, ಮ ಬರುವ ಮೊದಲೇ ಎದ್ದ. ಹಿಂದಿ ಪರೀಕ್ಷೆಗೆಂದು ಬೀರೂರಿನವರೆಗೆ ರೈಲಿನಲ್ಲಿ ಹೋಗಿ, ಸ್ಟೇಷನ್ನಿನ ಎದುರು ದೋಸೆ ತಿಂದು, ಮುಂದಿನ ಗಾಡಿಗೆ ವಾಪಸಾದ. ಹಿತ್ತಲಲ್ಲಿ ತೋಡಿಸಲು ಶುರುಮಾಡಿದ ಬಾವಿ ನೀರು ಕಾಣದೆ ತಿಪ್ಪೆಯಾಯಿತು. ಹೆಂಡತಿ ದಾಕ್ಷಾಯಣಮ್ಮನ ಅಣ್ಣ, ತರೀಕೆರೆಯ ಸೋಮಶೇಖರಪ್ಪ, ನೆಂಟರ ನಡುವೆ ಕೂತಾಗಲೆಲ್ಲ ಒಂದು ಮಾತು ಹೇಳುತ್ತಿದ್ದ: ಭಾವ ಪೂರ್ತಿ ಮಾಡಿದ್ದು ಮದುವೆ ಒಂದೇ, ಅದೂ ಅಯ್ಯನೋರು ಎದ್ದೇಳಕ್ಕೆ ಬಿಡಲಿಲ್ಲ ಅಂತ. ನೆಂಟರು ನಗುತ್ತಿದ್ದರು. ಬೆನಕಪ್ಪನೂ ನಗುತ್ತಿದ್ದ, ಆದರೆ ಅಂಥ ದಿನ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

ಆಣೆ ಹೋಗಿ ನಯಾಪೈಸೆ ಬಂದ ಹೊಸತರಲ್ಲಿ, ಸರಕು ತರಲು ಬೆಂಗಳೂರಿಗೆ ಹೋದ ಬೆನಕಪ್ಪ ಒಂದು ಹೂವಿನ ಪ್ರದರ್ಶನದೊಳಕ್ಕೆ ನುಗ್ಗಿದ. ಹೂವಿನ ಮೇಲಿನ ಪ್ರೀತಿಯಿಂದಲ್ಲ, ಹೊರಗೆ ಬಿಸಿಲಿತ್ತು. ಒಳಗೆ ಒಂದು ತಟ್ಟೆಯ ಮೇಲೆ ಮರವೊಂದು ನಿಂತಿತ್ತು. ಗಿಡವಲ್ಲ, ಮರ. ಬೇರು ನೆಲವನ್ನು ಅವುಚಿ ಹಿಡಿದಿತ್ತು, ಕಾಂಡಕ್ಕೆ ವಯಸ್ಸಾಗಿತ್ತು, ಕೊಂಬೆಗಳು ಮಳೆಗಾಳಿ ಕಂಡ ಹಾಗೆ ಬಾಗಿದ್ದವು, ಎಲ್ಲ ಸೇರಿ ಎತ್ತರ ಒಂದು ಮೊಳ. ಅಲ್ಲಿದ್ದ ಮಾಲಿ, ಇದು ಜಪಾನಿನವರ ಎಲ್ಮ್ ಮರ, ಹೀಗೆ ತಟ್ಟೆಯಲ್ಲಿ ಬೆಳೆಸಿದ್ದಕ್ಕೆ ಬೋನ್ಸಾಯ್ ಅನ್ನುತ್ತಾರೆ, ನಮ್ಮ ಹೊಲದ ಬದುವಿನ ತಪಸಿ ಇದರ ದಾಯಾದಿ ಎಂದು ತಿಳಿಸಿದ. ಕಾಂಡದ ಕೆಳಗಿನ ತಾಯಿಬೇರಿಗೆ ಕಾಲು ಎಂದೂ ಕೊಂಬೆಗೆ ಕೈ ಎಂದೂ ಅವನು ಕರೆಯುತ್ತಿದ್ದ. ಕಾಲು ಕಡಿಯಬೇಕು, ಕೈಗಳಿಗೆ ತಾಮ್ರದ ತಂತಿ ಸುತ್ತಿ ಬಗ್ಗಿಸಬೇಕು, ಹೆಚ್ಚಾದ ಕೈ ತೆಗೆಯಬೇಕು ಎಂದ. ಬೆನಕಪ್ಪ ಮರವನ್ನು ನೋಡುತ್ತಲೇ ಇದ್ದ. ಅಷ್ಟು ಚಿಕ್ಕದು, ಆದರೂ ಎಲ್ಲಿಯೂ ಅರ್ಧವಾಗಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು, ಧೂಳು ಬಿತ್ತು ಎಂದು ಒರೆಸಿಕೊಂಡ.

ಊರಿಗೆ ಬರುವ ಮೊದಲು, ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ತರೀಕೆರೆಯಲ್ಲಿ ಇಳಿದು, ಮಾವನ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ವಿಷಯ ಹೇಳಿದ. ತಟ್ಟೆಯಲ್ಲಿ ಮರ ಬೆಳೆಸುತ್ತೇನೆ ಎಂದದ್ದೇ ತಡ, ಸೋಮಶೇಖರಪ್ಪನಿಗೆ ಸಾರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, ನಿಮ್ಮ ಹಿತ್ತಲಲ್ಲಿ ದಂಟಿನ ಸೊಪ್ಪು ಬರಲಿಲ್ಲವಲ್ಲ ಭಾವ, ಮರ ಯಾವ ಧೈರ್ಯದ ಮೇಲೆ ಬರಬೇಕು ಎಂದು ಕೇಳಿದ. ಬೆನಕಪ್ಪ ಆ ದಿನ ನಗಲಿಲ್ಲ.

"ಇದನ್ನ ನಾನು ಅರ್ಧಕ್ಕೆ ಬಿಡಾಕಿಲ್ಲ ಭಾವ," ಎಂದ. "ಬಿಟ್ರೆ ಈ ಪಂಕ್ತೀಲಿ ನನಗೆ ಎಲೆ ಹಾಕಬ್ಯಾಡಿ."

ಈ ಪ್ರತಿಜ್ಞೆಯಿಂದ ತವರಿನ ಊಟಕ್ಕೆ ಕುತ್ತು ಬಂದದ್ದು ತನಗೆ ಎಂಬುದು ದಾಕ್ಷಾಯಣಮ್ಮನಿಗೆ ಮನೆಗೆ ಬಂದ ಮೇಲೆ ಹೊಳೆಯಿತು. ಆಮೇಲೆ ಆ ಹೆಸರು ಬೇರೆ. ಬೋನು ಅಂತೆ, ಸಾಯಿ ಅಂತೆ, ಬೋನಿಗೆ ಹಾಕಿ ಸಾಯಿಸೋದಕ್ಕೆ ಜಪಾನಿನವರು ಹೆಸರು ಬೇರೆ ಇಟ್ಟಿದಾರಾ, ದೀಪ ಹಚ್ಚುವ ಮನೆಯಲ್ಲಿ ಆ ಮಾತು ಬೇಡ ಎಂದು ಕಟ್ಟುನಿಟ್ಟು ಮಾಡಿದಳು. ಬೆನಕಪ್ಪನಿಗೂ ಅದು ಸರಿಯೆನಿಸಿತು. ಅಂದಿನಿಂದ ಆ ಮನೆಯಲ್ಲಿ ಬೋನ್ಸಾಯ್ ಎಂಬ ಶಬ್ದ ಹುಟ್ಟಲಿಲ್ಲ, ತಪಸಿ ಎಂದಷ್ಟೇ ಕರೆದರು. ಮುಂದಿನ ಅನರ್ಥಕ್ಕೆಲ್ಲ ಈ ಶುಭ ಮಾತೇ ಕಾರಣವಾಯಿತು.

ತಪಸಿ ಸಿಕ್ಕಿದ್ದು ಕಡೂರಿನ ಹತ್ತಿರ, ಕುರಿ ಸಾಕುವ ಕರಿಸಿದ್ದಪ್ಪನ ಹೊಲದ ಬದುವಿನಲ್ಲಿ. ವರ್ಷವರ್ಷವೂ ಆಡುಗಳು ಮೇದು ಮೇದು, ಮರವಾಗಬೇಕಾದದ್ದು ಮೊಣಕಾಲೆತ್ತರಕ್ಕೆ ನಿಂತು, ಬುಡ ಮಾತ್ರ ಮುಂಗೈ ದಪ್ಪ ಆಗಿತ್ತು. ತೊಗಟೆ ವಿಭೂತಿ ಬಳಿದ ಹಾಗೆ ಬೆಳ್ಳಗೆ. ಕರಿಸಿದ್ದಪ್ಪ ಧಾರಾಳವಾಗಿ ಕೊಟ್ಟ, ಆಡುಗಳಿಗೂ ಅದರ ಮೇಲೆ ಬೇಸರ ಬಂದಿದೆ ಎಂದ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಇಬ್ಬರೂ ಸೇರಿ ಅಗೆದು, ತಾಯಿಬೇರನ್ನು ಕಡಿದು, ಸಣ್ಣ ಬೇರುಗಳನ್ನು ಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿದರು. ಮನೆಯಲ್ಲಿ ಬೆನಕಪ್ಪ ಅಂಗಡಿಯ ಗಾರೆ ಬಾಣಲಿಯೊಂದಕ್ಕೆ ತಳದಲ್ಲಿ ತೂತು ಹೊಡೆದು, ಮರಳು, ಕೆಮ್ಮಣ್ಣು, ಹಳೇ ಗೊಬ್ಬರ ಬೆರೆಸಿ ಅದನ್ನು ನಿಲ್ಲಿಸಿದ. ತುದಿ ಕತ್ತರಿಸಿದ, ಗಾಯಕ್ಕೆ ಸಗಣಿ ಮೆತ್ತಿದ. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬುಡದಿಂದ ತುದಿಯವರೆಗೆ ಚಿಗುರೋ ಚಿಗುರು. ಬೆನಕಪ್ಪ ಅಂದು ಅಂಗಡಿ ತೆರೆಯಲಿಲ್ಲ.

ಬೆಳಿಗ್ಗೆ ಎದ್ದರೆ ತಪಸಿ, ಅಂಗಡಿಯಿಂದ ಬಂದರೆ ತಪಸಿ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಆ ಕಡೆ ಈ ಕಡೆ ವಾಲಿಸಿ ನೋಡುವುದು, ಗೊಣಗುವುದು, ನೀರೆರೆಯುವುದು. ದಾಕ್ಷಾಯಣಮ್ಮನಿಗೆ ಮೈಯುರಿಯಿತು. ಗೋಡೆಯಾಚೆಯ ಹುಲಿಗೆಮ್ಮ, ನಿಮ್ಮ ಯಜಮಾನರು ಹಿತ್ತಲಲ್ಲಿ ಯಾರ ಜೊತೆ ಮಾತಾಡೋದು ಎಂದು ಕೇಳಿದ ದಿನ ಆ ಉರಿಯೆಲ್ಲ ಹೊರಗೆ ಬಂತು.

"ತಪಸಿ ಬಂದು ವಕ್ಕರಿಸೈತೆ ಕಣಕ್ಕ ನಮ್ಮನೇಲಿ. ನನಗೆ ಒಂದು ಕೊಡ ನೀರು ಸೇದಿಕೊಡದೋರು ಅದಕ್ಕೆ ಎರಡೊತ್ತು ನೀರು ಹುಯ್ತಾರೆ. ಉಣ್ಣದಿಲ್ಲ ತಿನ್ನದಿಲ್ಲ, ಮೂಲೇಲಿ ನಿಂತ್ಕಂಡೈತೆ."

ತಪಸಿ ಮರವನ್ನು ಅಜ್ಜಂಪುರದವರು ಕಾಣದವರಲ್ಲ. ಆದರೆ ಮರ ಹೊಲದಲ್ಲಿರುತ್ತದೆ. ಮನೆಗೆ ಬಂದು ನಿಂತು, ಉಣ್ಣದೆ ತಿನ್ನದೆ ಎರಡು ಹೊತ್ತು ಅಭಿಷೇಕ ಮಾಡಿಸಿಕೊಳ್ಳುವುದು ಮರದ ಜಾಯಮಾನವಲ್ಲ, ತಪಸ್ಸು ಮಾಡುವ ಸ್ವಾಮಿಗಳದ್ದು. ಹುಲಿಗೆಮ್ಮ ಒಂದೇ ಒಂದು ವಿಷಯಕ್ಕೆ ನೊಂದುಕೊಂಡಳು. ಅಂಥ ದೊಡ್ಡವರನ್ನು ದಾಕ್ಷಾಯಣಮ್ಮ ಅದು ಇದು ಎನ್ನಬಹುದೇ? ಆ ಪಾಪ ತನ್ನ ಕಿವಿಗೆ ತಟ್ಟಬಾರದೆಂದು ಸಂಜೆಯೊಳಗೆ ಊರಿಗೆಲ್ಲ ಹಂಚಿದಳು.

ಮರುದಿನದಿಂದ ಬೆನಕಪ್ಪನ ಅಂಗಡಿಗೆ ಬಂದವರು ಮೊಳೆ ಕೇಳುವ ಮೊದಲು ಕೈಮುಗಿಯತೊಡಗಿದರು. ಯಾರೋ ತೆಂಗಿನಕಾಯಿ ಇಟ್ಟು ಹೋದರು, ಯಾರೋ ಹಾಲು ಕಳಿಸಿದರು. ತನ್ನ ವಿದ್ಯೆಗೆ ಊರು ಮರ್ಯಾದೆ ಕೊಡುತ್ತಿದೆ ಎಂದುಕೊಂಡ ಬೆನಕಪ್ಪ ಹಾಲನ್ನು ಕಾಫಿಗೆ ಬಳಸಿದ. ಒಂದು ದಿನ ಊರಿನ ಹಿರಿಯರಾದ ಪಂಚಾಕ್ಷರಪ್ಪನವರೇ ಅಂಗಡಿಯ ಮೆಟ್ಟಿಲು ಹತ್ತಿದರು. ಎಪ್ಪತ್ತು ದಾಟಿದವರು, ಊರಿನ ಯಾವ ಕಾರ್ಯವೂ ಅವರ ಶಾಲು ಇಲ್ಲದೆ ನಡೆಯುತ್ತಿರಲಿಲ್ಲ. ಕೂತು, ಬೆವರು ಒರೆಸಿಕೊಂಡು, ನಿಮ್ಮ ಮನೆಯಲ್ಲಿ ತಪಸಿಗಳು ಇದ್ದಾರಂತೆ ಎಂದು ಭಕ್ತಿಯಿಂದ ಶುರುಮಾಡಿದರು.

ಒಂದೇ ಇರೋದು ಎಂದ ಬೆನಕಪ್ಪ. ಆಹಾರ ಏನು ಎಂದಾಗ ನೀರು, ಹಬ್ಬಕ್ಕೆ ಒಂದಿಷ್ಟು ಹಿಂಡಿ ಕದಡಿದ ನೀರು ಎಂದ. ನಿದ್ರೆ ಎಂದಾಗ ಹಗಲೂ ರಾತ್ರಿ ನಿಂತೇ ಇರುತ್ತದೆ ಎಂದ. ಪಂಚಾಕ್ಷರಪ್ಪನವರು ಮುಂದಕ್ಕೆ ಬಾಗಿ, ಒಂಟಿ ಕಾಲಲ್ಲೋ ಎಂದು ಕೇಳಿದರು.

"ಕಾಲು ಎಲ್ಲೈತೆ? ಕಡೂರಿನಿಂದ ತರೋವಾಗಲೇ ಕಡಿದು ಹಾಕಿದೆ. ಅದಿದ್ರೆ ಬಾಣಲೀಲಿ ಕೂರಾಕಿಲ್ಲ," ಎಂದ ಬೆನಕಪ್ಪ ಹೆಮ್ಮೆಯಿಂದ. "ಈಗ ಕೈಗೆಲ್ಲ ತಾಮ್ರದ ತಂತಿ ಬಿಗಿದಿದೀನಿ. ಬಲಗಡೆ ಒಂದು ಕೈ ಜಾಸ್ತಿಯಾಗಿತ್ತು, ಮೊನ್ನೆ ತೆಗೆದೆ. ಕೂಗಿಲ್ಲ ಅರಚಿಲ್ಲ, ಆರೋಗ್ಯವಾಗೈತೆ."

ಪಂಚಾಕ್ಷರಪ್ಪನವರು ಎದ್ದರು. ಮೆಟ್ಟಿಲು ಇಳಿಯುವಾಗ ಎಡಗಾಲಿನ ಮೆಟ್ಟು ಅಂಗಡಿಯಲ್ಲೇ ಉಳಿಯಿತು, ಹಿಂತಿರುಗಿ ನೋಡಲಿಲ್ಲ. ನೇರವಾಗಿ ಠಾಣೆಗೆ ಹೋದರು.

ದಫೇದಾರ್ ತಿಮ್ಮಪ್ಪ ಬಂದಾಗ ಅವರ ಹಿಂದೆ ಅರ್ಧ ಅಜ್ಜಂಪುರ ಇತ್ತು. ಉಳಿದ ಅರ್ಧ ಮೊದಲೇ ಬಂದು ಹಿತ್ತಲ ಗೋಡೆ ಹತ್ತಿ ಕೂತಿತ್ತು. ತಪಸಿ ಎಲ್ಲಿ ಎಂದು ದಫೇದಾರರು ಗುಡುಗಿದರು. ಸರ್ಕಾರವೂ ತನ್ನ ಮರ ನೋಡಲು ಬಂತಲ್ಲ ಎಂದು ಹಿಗ್ಗಿದ ಬೆನಕಪ್ಪ, ಮೆಟ್ಟು ಹೊರಗೆ ಬಿಟ್ಟು ಬನ್ನಿ, ಈಗತಾನೆ ನೀರು ಹಾಕಿದೀನಿ, ಜಾರುತ್ತದೆ ಎಂದು ಕರೆದುಕೊಂಡು ಹೋಗಿ ಬಾಣಲಿ ತೋರಿಸಿದ. ದಫೇದಾರರು ಮರದ ಹಿಂದೆ ನೋಡಿದರು. ಬಚ್ಚಲಲ್ಲಿ ನೋಡಿದರು. ಮತ್ತೆ ಬಂದು ಬಾಣಲಿ ನೋಡಿದರು.

ಇದು ಮರ ಎಂದರು. ಹೌದಲ್ಲ ಎಂದ ಬೆನಕಪ್ಪ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೇರೆ ಊರಾಗಿದ್ದರೆ ಜನ ನಕ್ಕು ಮನೆಗೆ ಹೋಗುತ್ತಿದ್ದರು. ಆದರೆ ಅಲ್ಲಿ ನಿಂತವರೆಲ್ಲ ಒಂದಲ್ಲ ಒಂದು ದಿನ ತೆಂಗಿನಕಾಯಿ ಕೊಟ್ಟವರು, ಹಿತ್ತಲ ಗೋಡೆಗೆ ಕೈಮುಗಿದವರು. ಹರಕೆ ಹೊತ್ತಿದ್ದ ಹುಲಿಗೆಮ್ಮನಿಗೆ ಮೊಣಕಾಲು ನೋವು ವಾಸಿಯೂ ಆಗಿತ್ತು. ವಾಸಿಯಾದ ಮೊಣಕಾಲನ್ನು ಯಾರು ಸುಳ್ಳೆನ್ನುತ್ತಾರೆ? ಪಂಚಾಕ್ಷರಪ್ಪನವರು ಶಾಲು ಸರಿಮಾಡಿಕೊಂಡು, ಆ ವಿಭೂತಿ ಬಣ್ಣ ನೋಡಿ, ನಿಂತ ಭಂಗಿ ನೋಡಿ, ಇವರು ಮರದ ರೂಪದಲ್ಲಿ ಬಂದಿರುವ ತಪಸಿಗಳು, ನಾನು ಮೊದಲೇ ಹೇಳಿದ್ದೆ ಎಂದುಬಿಟ್ಟರು. ಊರಿಗೆ ಉಸಿರು ಬಂತು. ಬರಿಗೈಯಲ್ಲಿ ಠಾಣೆಗೆ ಹೋಗಲಾರದ ದಫೇದಾರರಿಗೂ ದಾರಿ ಸಿಕ್ಕಿತು. ಮರವೋ ಸ್ವಾಮಿಗಳೋ ತಮಗೆ ಬೇಡ, ಜನರ ಮನಸ್ಸು ನೋಯಬಾರದು, ಇನ್ನು ಮುಂದೆ ತಪಸಿಯ ಮೇಲೆ ಕತ್ತರಿ ಆಡಿಸಕೂಡದು ಎಂದು ಅಪ್ಪಣೆ ಮಾಡಿ ಹೋದರು.

ಬೆನಕಪ್ಪ ವಾದಿಸಿದ. ಕತ್ತರಿ ಇಲ್ಲದೆ ಇದು ಪೊದೆಯಾಗುತ್ತದೆ ಎಂದ. ಯಾರೂ ಕೇಳಲಿಲ್ಲ. ತಂತಿಯನ್ನು ಊರಿನವರೇ ಭಕ್ತಿಯಿಂದ ಬಿಚ್ಚಿ ಪ್ರಸಾದವೆಂದು ಹಂಚಿಕೊಂಡರು. ಬಾಣಲಿ ಬೀದಿಯ ಜಗುಲಿಗೆ ಬಂತು. ಹುಲಿಗೆಮ್ಮ ತಾನಾಗಿಯೇ ಕಾವಲಿಗೆ ಕೂತಳು, ಬೆನಕಪ್ಪ ಕಿಸೆಗೆ ಕೈ ಹಾಕಿದರೂ ಕೆಮ್ಮುತ್ತಿದ್ದಳು. ತಪಸಿ ಸ್ವತಂತ್ರವಾಯಿತು. ಎಡಗಡೆ ಒಂದು ಕೈ ಯಾರ ಹಂಗೂ ಇಲ್ಲದೆ ಮಾರುದ್ದ ಬೆಳೆದು ಬೀದಿಗೆ ಚಾಚಿತು, ಮರದ ಅಂದವೆಲ್ಲ ಆ ಒಂದು ಕೈಯಲ್ಲಿ ಹಾಳಾಯಿತು. ಜನ ಅದನ್ನು ಆಶೀರ್ವಾದ ಮಾಡುವ ಕೈ ಎಂದು ಕರೆದು ಅದರ ಕೆಳಗೆ ತಲೆಯೊಡ್ಡಿ ಹೋಗುತ್ತಿದ್ದರು. ಬೆನಕಪ್ಪ ಜಗುಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಹಾರ್ಮೋನಿಯಂ ಬಿಟ್ಟದ್ದು ತಾನು, ಬಾವಿ ಬಿಟ್ಟದ್ದು ತಾನು. ಇದನ್ನು ತಾನು ಬಿಟ್ಟಿರಲಿಲ್ಲ, ಕಿತ್ತುಕೊಂಡಿದ್ದರು. ಅದು ಅವನಿಗೆ ತಡೆಯಲಾರದ ಸಂಕಟವಾಗಿತ್ತು.

ಸಂಕ್ರಾಂತಿ ಕಳೆಯಿತು. ತಪಸಿಯ ಎಲೆಗಳು ಹಳದಿಯಾದವು, ಒಂದೊಂದಾಗಿ ಉದುರಿದವು, ಒಂದು ದಿನ ಮರ ಪೂರಾ ಬೋಳಾಗಿ ನಿಂತಿತು. ಹುಲಿಗೆಮ್ಮ ಬೀದಿಯಲ್ಲಿ ನಿಂತು ಬಾಯಿಬಡಿದುಕೊಂಡಳು. ತಪಸಿಗಳು ಲಿಂಗೈಕ್ಯರಾದರು ಎಂಬ ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲಿ ತರೀಕೆರೆಗೆ ಹೋಯಿತು, ಸಂಜೆಯ ಬಸ್ಸಿನಲ್ಲಿ ಸೋಮಶೇಖರಪ್ಪ ಒಂದು ಹೂವಿನ ಹಾರ ಹಿಡಿದು ಬಂದಿಳಿದ.

ಇದು ಎಲೆ ಉದುರುವ ಕಾಲ, ಕಡೂರಿನ ಬದುವಿನ ತಪಸಿಗಳೆಲ್ಲ ಬೋಳಾಗಿಯೇ ನಿಂತಿವೆ ಎಂದು ಬೆನಕಪ್ಪ ಮನೆಮನೆಗೆ ಹೋಗಿ ಹೇಳಿದ. ಆ ಮರಗಳು ತೆಂಗಿನಕಾಯಿ ತಗೊಂಡಿರಲಿಲ್ಲವಲ್ಲ ಎಂದರು ಪಂಚಾಕ್ಷರಪ್ಪನವರು. ಲಿಂಗೈಕ್ಯರನ್ನು ಮಣ್ಣು ಮಾಡಬೇಕು, ಗದ್ದುಗೆ ಕಟ್ಟಬೇಕು. ಅದಕ್ಕೆ ಕಡೂರು ರಸ್ತೆಯ ಮಗ್ಗುಲಲ್ಲಿದ್ದ ತಮ್ಮ ಜಾಗವನ್ನೇ ಬಿಟ್ಟುಕೊಡುವುದಾಗಿ ಸಾರಿದರು. ಆ ಜಾಗದ ಎದುರಿಗೇ ಅವರ ಕಾಯಿಕರ್ಪೂರದ ಅಂಗಡಿ ಏಳುತ್ತಿತ್ತು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಚಿಕ್ಕಬೀರಪ್ಪ ಎಂಬಾತ ಗುಂಡಿ ತೋಡಲು ಹೋದ.

ಸೋಮಶೇಖರಪ್ಪ ಜಗುಲಿಯಲ್ಲಿ ಭಾವನ ಪಕ್ಕ ಕೂತು ಸಮಾಧಾನ ಹೇಳಿದ. ನೀವು ಕೈಹಾಕಿದ ಮೇಲೆ ಇಷ್ಟು ದಿನ ಬದುಕಿದ್ದೇ ಅವರ ತಪಶ್ಶಕ್ತಿ ಎಂದ. ಬೆನಕಪ್ಪ ಬಾಣಲಿಯನ್ನು ಹತ್ತಿರಕ್ಕೆ ಎಳೆದುಕೊಂಡ. ನಿಜ ಹೇಳಬೇಕೆಂದರೆ ಅವನಿಗೇ ಒಳಗೊಳಗೆ ಹೆದರಿಕೆಯಿತ್ತು. ಸತ್ತೇ ಹೋಗಿದ್ದರೆ? ಅದನ್ನು ನೋಡಿಕೊಳ್ಳಲು ಉಗುರಿನಿಂದ ತೊಗಟೆ ಕೆರೆಯಬೇಕು, ಕೆರೆಯಲು ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೂವು ಕಟ್ಟಿದ ಸಣ್ಣ ಪಲ್ಲಕ್ಕಿ, ಡೊಳ್ಳು, ಕಹಳೆ ಸಮೇತ ಊರು ಮನೆಯ ಮುಂದೆ ನೆರೆಯಿತು. ಬೆನಕಪ್ಪ ಬಾಣಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲಿಗೆ ಅಡ್ಡ ಕೂತಿದ್ದ. ಪಂಚಾಕ್ಷರಪ್ಪನವರು ಮೃದುವಾಗಿ ಹೇಳಿದರು, ಗದರಿ ಹೇಳಿದರು, ಊರಿನ ಮಾತು ಮೀರಬೇಡ ಎಂದರು. ಡೊಳ್ಳು ಒಮ್ಮೆ ಗುಮ್ಮೆಂದಿತು.

"ಕೊಡಾಕಿಲ್ಲ," ಎಂದ ಬೆನಕಪ್ಪ. "ಇದು ಸತ್ತಿಲ್ಲ. ಸತ್ತರೂ ಕೊಡಾಕಿಲ್ಲ. ನಾನು ತಂದಿದ್ದು, ನಾನು ಬೆಳೆಸಿದ್ದು, ನೀವು ಕೆಡಿಸಿದ್ದು."

ಅಷ್ಟು ಹೊತ್ತೂ ಒಳಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮ ಈಚೆ ಬಂದು ಗಂಡನ ಕೈಗೆ ಕತ್ತರಿ ಕೊಟ್ಟಳು. ಜನ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಬೆನಕಪ್ಪ ಆಶೀರ್ವಾದದ ಕೈಯನ್ನು ಬುಡದಲ್ಲಿ ಹಿಡಿದು ಕಚಕ್ಕನೆ ಕತ್ತರಿಸಿದ. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಳು. ಡೊಳ್ಳಿನವನ ಕೋಲು ಕೆಳಗೆ ಬಿತ್ತು.

ಆಗ ನಾತ ಎದ್ದಿತು. ತಪಸಿಯ ಹಸಿ ತೊಗಟೆಯ ನಾತವೆಂದರೆ ಸಾಮಾನ್ಯದ್ದಲ್ಲ. ಮುಂದಿನ ಸಾಲು ಹಿಂದಕ್ಕೆ ಸರಿಯಿತು, ಪಂಚಾಕ್ಷರಪ್ಪನವರು ಶಾಲಿನಿಂದ ಮೂಗು ಮುಚ್ಚಿಕೊಂಡು, ನೋಡಿರಪ್ಪಾ ಹೆಣದ ವಾಸನೆ, ಇನ್ನೇನು ಸಾಕ್ಷಿ ಬೇಕು ಎಂದರು. ಬೆನಕಪ್ಪ ಮಾತ್ರ ಆ ಗಾಯಕ್ಕೆ ಮೂಗು ಹಚ್ಚಿ ಎದೆತುಂಬ ಉಸಿರೆಳೆದ. ತೊಗಟೆಯ ಒಳಗೆ ಸುತ್ತಲೂ ಹಸಿರು ಗೆರೆಯಿತ್ತು, ನೀರು ಜಿನುಗುತ್ತಿತ್ತು. ಅವನ ಹೆದರಿಕೆಯೆಲ್ಲ ಆ ಕ್ಷಣಕ್ಕೆ ಹೋಯಿತು. ಎದ್ದು ನಿಂತು ಬಾಣಲಿಯನ್ನು ಹಿರಿಯರ ಮೂಗಿನ ಮುಂದೆ ಹಿಡಿದ.

"ಸತ್ತಿದ್ರೆ ಒಣಸೌದೆ ಆಗಿರೋದು, ಸೌದೆ ನಾರಾಕಿಲ್ಲ. ಜೀವ ಐತೆ ಕಣ್ರೀ, ಅದಕ್ಕೇ ನಾರ್ತಾ ಐತೆ. ಚೆನ್ನಾಗಿ ಮೂಸಿ ನೋಡಿ."

ಪಂಚಾಕ್ಷರಪ್ಪನವರು ಮೂಸದೆ ಬೇರೆ ಗತಿಯಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹಸಿರು ಗೆರೆಯನ್ನು ಮುಂದಿನವರು ಕಂಡರು, ಹಿಂದಿನವರಿಗೆ ಹೇಳಿದರು, ಜೀವ ಐತಂತೆ ಎಂಬ ಮಾತು ಬೀದಿಯ ಕೊನೆಯವರೆಗೂ ಹೋಗಿ ವಾಪಸು ಬಂತು. ಕಹಳೆಯವನು ಇನ್ನು ಊದಬೇಕೋ ಬೇಡವೋ ತಿಳಿಯದೆ ಕಹಳೆಯನ್ನು ಕಂಕುಳಿಗೆ ಸೇರಿಸಿದ. ಅಷ್ಟರಲ್ಲಿ ಚಿಕ್ಕಬೀರಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ಬಂದ. ವಿಷಯ ತಿಳಿದು ಅವನ ಮುಖ ಸಪ್ಪಗಾಯಿತು.

"ತೋಡಿದ ಗುಂಡಿ ಬರಿದು ಬಿಡಂಗಿಲ್ಲ ಸಾಮಿ," ಎಂದ. "ಕೇಡು. ಗದ್ದುಗೆ ಅಂದ್ರಿ, ಅದಕ್ಕೆ ಆಳು ಕೂರೋ ಅಳತೆಗೇ ತೋಡಿವ್ನಿ."

ಇದು ಯಾರಿಗೂ ಹೊಳೆದಿರಲಿಲ್ಲ. ಪಂಚಾಕ್ಷರಪ್ಪನವರು ಗಂಟಲು ಸರಿಮಾಡಿಕೊಂಡು, ಕತ್ತರಿಸಿದ ಆ ಕೈಯನ್ನಾದರೂ ಕೊಟ್ಟುಬಿಡು ಬೆನಕಪ್ಪ, ಅದನ್ನೇ ಮೆರವಣಿಗೆ ಮಾಡಿ ಮಣ್ಣು ಮಾಡೋಣ, ನಿನ್ನ ಮರ ನಿನಗಿರಲಿ ಎಂದು ಕೇಳಿಕೊಂಡರು. ಅವರ ದನಿಯಲ್ಲಿ ಅಪ್ಪಣೆ ಇರಲಿಲ್ಲ. ಬೆನಕಪ್ಪ ಮಾರುದ್ದದ ಆ ಕೊಂಬೆಯನ್ನು ಎತ್ತಿಕೊಂಡ. ನೋಡಿದ. ಹೆಂಡತಿಯ ಕೈಗೆ ಕೊಟ್ಟ.

"ನೀರೊಲೆಗೆ ಹಾಕು," ಎಂದ.

ಗಂಡ ಹೇಳಿದ್ದನ್ನು ಮರುಮಾತಿಲ್ಲದೆ ಮಾಡಿ ದಾಕ್ಷಾಯಣಮ್ಮನಿಗೆ ಅಭ್ಯಾಸವಿರಲಿಲ್ಲ. ಅಂದು ಮಾಡಿದಳು. ಕೊಂಬೆಯನ್ನು ಮೊಣಕಾಲಿಗೆ ಕೊಟ್ಟು ಎರಡಾಗಿ ಮುರಿದು ಒಳಗೆ ಹೋದಳು.

ಚಿಕ್ಕಬೀರಪ್ಪ ಮತ್ತೆ, ಆಳು ಕೂರೋ ಅಳತೆ ಎಂದು ತನ್ನಷ್ಟಕ್ಕೆ ಗೊಣಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೂ ಹೇಳಿಕೊಡದಿದ್ದರೂ ಎಲ್ಲರ ಕಣ್ಣೂ ನಿಧಾನವಾಗಿ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದವರ ಕಡೆಗೆ ತಿರುಗಿದವು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ಪಂಚಾಕ್ಷರಪ್ಪನವರಿಗೆ ನೆನಪಾಯಿತು. ಎಪ್ಪತ್ತು ದಾಟಿದವರು ಹಾಗೆ ನಡೆದದ್ದನ್ನು ಅಜ್ಜಂಪುರ ಅದಕ್ಕೆ ಮೊದಲು ಕಂಡಿರಲಿಲ್ಲ. ಅವರ ಹಿಂದೆ ಪಲ್ಲಕ್ಕಿ, ಪಲ್ಲಕ್ಕಿಯ ಹಿಂದೆ ಡೊಳ್ಳು, ಹೀಗೆ ಬೀದಿ ಖಾಲಿಯಾಯಿತು. ಗುಂಡಿಯನ್ನು ಅವರೇ ತಮ್ಮ ಆಳುಗಳಿಂದ ಅದೇ ದಿನ ಮುಚ್ಚಿಸಿದರು, ಮಣ್ಣು ಸಾಲದೆ ಅಂಗಡಿಗೆಂದು ತರಿಸಿದ್ದ ಇಟ್ಟಿಗೆಯನ್ನೂ ತುಂಬಿಸಿದರು.

ಜಗುಲಿಯ ಮೇಲೆ ಉಳಿದವನು ಸೋಮಶೇಖರಪ್ಪ ಒಬ್ಬನೇ. ಕೈಯಲ್ಲಿದ್ದ ಹಾರವನ್ನು ಯಾರಿಗೆ ಹಾಕುವುದೋ ಅವನಿಗೆ ತಿಳಿಯಲಿಲ್ಲ. ಬೆನಕಪ್ಪ ಬಾಣಲಿಯನ್ನು ಬಿಸಿಲಿಗಿಟ್ಟು, ಕಿಸೆಯಿಂದ ಹೊಸ ತಾಮ್ರದ ತಂತಿ ತೆಗೆದು, ಕುಕ್ಕರುಗಾಲಲ್ಲಿ ಕೂತು ಮರವನ್ನು ಆ ಕಡೆ ಈ ಕಡೆ ವಾಲಿ ನೋಡುತ್ತಿದ್ದ. ಬೋಳು ಮರದ ಒಂದೊಂದು ಕೈಯೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಂತೂ ಒಂದು ಕೆಲಸ ಪೂರ್ತಿ ಮಾಡಿದ್ರಲ್ಲ ಭಾವ," ಎಂದ ಸೋಮಶೇಖರಪ್ಪ. ಅವನ ದನಿಯಲ್ಲಿ ಈ ಸಲ ಕುಹಕ ಇರಲಿಲ್ಲ. "ಮುಗೀತು ಅನ್ನಿ."

ಬೆನಕಪ್ಪ ತಲೆಯೆತ್ತಲಿಲ್ಲ.

"ಇದು ಮುಗಿಯೋ ಕೆಲಸ ಅಲ್ಲ ಭಾವ," ಎಂದ. "ಈಚೆ ಸರೀರಿ, ನೆರಳು ಬೀಳ್ತೈತೆ."

ತರೀಕೆರೆಯ ಸೋಮಶೇಖರಪ್ಪ ಹಾರ ಹಿಡಿದುಕೊಂಡೇ ಈಚೆಗೆ ಸರಿದ.